ಶಿವು ಓಡಿದ ಓಟ

ಬೆಂಗೇರಿ, ಹುಬ್ಬಳ್ಳಿ
೧೬ ಜೂನ್ ೨೦೨೪

ಅಪ್ಪಾಜಿ,

ಹಾಸ್ಟೆಲಿನಲ್ಲಿದ್ದಾಗ ಬರೆಯುತ್ತಿದ್ದ ಹಾಗೆ ನೀವು ಮತ್ತೆ ನನಗೆ ಕಾಗದ ಬರೆಯಬೇಕು. ಫೋನಿನಲ್ಲಿ ನೀವು ‘ಹೂಂ’ ಅಥವಾ ‘ಆತು’ ಎಂದಷ್ಟೇ ಕಳಿಸುತ್ತೀರಿ. ಎದುರಿಗೆ ಕೂತರೆ ನಿಮಗೆ ಕೈಮಾತು ಬರುವುದಿಲ್ಲ, ನನಗೆ ಕಿವಿ ಕೇಳುವುದಿಲ್ಲ. ಅವ್ವ ನಡುವೆ ಕೂತು ಇಬ್ಬರ ಮಾತನ್ನೂ ದಾಟಿಸಬೇಕು. ಕಾಗದದಲ್ಲಿ ಮಾತ್ರ ನಾವು ನಡುವೆ ಯಾರೂ ಇಲ್ಲದೆ ಮಾತಾಡಿದ್ದೇವೆ. ಧಾರವಾಡದಿಂದ ಹುಬ್ಬಳ್ಳಿಗೆ ಅಂಚೆ ಯಾತಕ್ಕೆ ಎಂದು ನಗಬೇಡಿ.

ತಾರಿಹಾಳದ ಕಾರ್ಖಾನೆಯ ಕೆಲಸ ಹಿಡಿಸಿದೆ. ವಿದ್ಯುತ್ ಸ್ವಿಚ್ಚುಗಳನ್ನು ಪರೀಕ್ಷಿಸಿ ಡಬ್ಬಿಗೆ ತುಂಬುವುದು. ಪಕ್ಕದ ಕುರ್ಚಿಯವಳು ಕರುಣಾ. ಅವಳಿಗೆ ಕಿವಿ ಕೇಳುತ್ತದೆ, ಆದರೆ ಅವಳ ತಮ್ಮ ನನ್ನ ಹಾಗೆ ಕಿವುಡ, ಆದ್ದರಿಂದ ಕೈಮಾತು ಚೆನ್ನಾಗಿ ಬರುತ್ತದೆ. ಯಂತ್ರಗಳ ಸದ್ದಿಗೆ ಸಂಜೆಯ ಹೊತ್ತಿಗೆ ಎಲ್ಲರೂ ತಲೆ ಹಿಡಿದುಕೊಳ್ಳುತ್ತಾರೆ. ನನಗೆ ಆ ಕಷ್ಟವಿಲ್ಲ.

ನನ್ನ ಕೋಣೆ ಮೈಮುನಾ ಚಾಚಿಯ ಮನೆಯದು. ಅವರು ಮುಂದಿನ ಕೋಣೆಯಲ್ಲಿ ರವಿಕೆ ಹೊಲಿಯುತ್ತಾರೆ. ಮಷೀನು ಓಡುವುದು ನೆಲದಿಂದ ನನ್ನ ಅಂಗಾಲಿಗೆ ತಿಳಿಯುತ್ತದೆ. ಮೊನ್ನೆ ಅದು ಥಟ್ಟನೆ ನಿಂತಿತು. ಹೋಗಿ ನೋಡಿದರೆ ಚಾಚಿ ಕುತ್ತಿಗೆಯ ಬುಡವನ್ನು ಒತ್ತಿಕೊಂಡು ಕೂತಿದ್ದರು. ನನ್ನ ಕೈ ತೆಗೆದುಕೊಂಡು ಅಲ್ಲಿಟ್ಟರು. ಅಷ್ಟು ವೇಗದ ನಾಡಿಯನ್ನು ನಾನು ಎಂದೂ ಮುಟ್ಟಿರಲಿಲ್ಲ ಅಪ್ಪಾಜಿ. ಎಣಿಸಲು ಸಿಗುತ್ತಿರಲಿಲ್ಲ, ಆದರೆ ಒಂದು ಬಡಿತವೂ ಅಳತೆ ತಪ್ಪಿರಲಿಲ್ಲ, ಎಲ್ಲ ಒಂದೇ ಸಮ. ನಾನು ಹೆದರಿದೆ, ಅವರು ಹೆದರಲಿಲ್ಲ. ಮೂಗು ಬಾಯಿ ಮುಚ್ಚಿಕೊಂಡು ಹೊಟ್ಟೆ ಬಿಗಿಹಿಡಿದು ತಿಣುಕಿದರು. ಮೊದಲ ಸಲ ಏನೂ ಆಗಲಿಲ್ಲ. ಮತ್ತೊಮ್ಮೆ ತಿಣುಕಿದಾಗ, ಓಡುತ್ತಿದ್ದದ್ದು ಒಮ್ಮೆಲೇ ನಿಂತು, ನನ್ನ ಬೆರಳಿನ ಕೆಳಗೆ ಮಾಮೂಲಿ ಬಡಿತ ಬಂತು. ದೀಪ ಹಾಕಿ ಆರಿಸಿದ ಹಾಗೆ. ವೈದ್ಯರೇ ಕಲಿಸಿದ ಉಪಾಯವಂತೆ. ಹೃದಯದ ಮೇಲಿನ ಕೋಣೆಗಳ ಕಡೆಯಿಂದ ಹುಟ್ಟುವ ಓಟವಂತೆ ಅದು. ಹೀಗೆ ಬಂದು ಹಾಗೆ ಹೋಗುತ್ತದೆ, ಜೀವಕ್ಕೆ ಅಪಾಯ ಕಡಿಮೆ. ಎದೆ ನೋವು ಬಂದರೆ, ತಲೆ ಸುತ್ತಿ ಬಿದ್ದರೆ ಮಾತ್ರ ಆಸ್ಪತ್ರೆಗೆ ಓಡಬೇಕಂತೆ.

ನಾನು ಸಿಟ್ಟಿನಿಂದ ಮನೆ ಬಿಟ್ಟೆ ಎಂದು ಅವ್ವ ತಿಳಿದಿದ್ದರೆ ಅದು ಖರೆ ಅಲ್ಲವೆಂದು ಹೇಳಿ. ಶಿವು ಅಣ್ಣ ಹೋದ ಮೇಲೆ ನೀವಿಬ್ಬರೂ ನನ್ನನ್ನು ಓಡಗೊಡಲಿಲ್ಲ, ಮೆಟ್ಟಿಲು ಹತ್ತಗೊಡಲಿಲ್ಲ. ನನಗೆ ಇಪ್ಪತ್ತಾರು ಆಯಿತು. ಒಂದು ಸಲ ನಾನೇ ನಡೆದು ನೋಡಬೇಕಿತ್ತು, ಅಷ್ಟೇ.

ನಿಮ್ಮ
ಸೌಂದರ್ಯಾ


ಹೊಸಯಲ್ಲಾಪುರ, ಧಾರವಾಡ
೨೩ ಜೂನ್ ೨೦೨೪

ಮಗಳೇ ಸೌಂದರ್ಯಾ,

ನಿನ್ನ ಕಾಗದ ಅಂಗಡಿಯ ವಿಳಾಸಕ್ಕೆ ಬಂತು. ಗಿರಾಕಿಗಳು ಕಾಳು ತೂಗಿಸಿಕೊಳ್ಳಲು ನಿಂತಿದ್ದರು, ನಾನು ಅಲ್ಲಿಯೇ ಒಡೆದು ಓದಿದೆ. ಮನೆಗೆ ಹೋಗಿ ನಿನ್ನ ಅವ್ವನಿಗೆ ಮತ್ತೊಮ್ಮೆ ಓದಿ ಹೇಳಿದೆ. ಅವಳು ಕೇಳಿದ್ದು ಒಂದೇ: “ಗುಳಿಗಿ ತೊಗೊಳ್ಳಾಕತ್ತಾಳೋ ಇಲ್ಲೋ?”

ಅದನ್ನೇ ನಾನೂ ಕೇಳುತ್ತೇನೆ. ಫಿಟ್ಸಿನ ಗುಳಿಗೆ ತಪ್ಪಿಸಬೇಡ. ಎಂಟು ವರ್ಷದವಳಿದ್ದಾಗ ನೀನು ಸಂತೆಯಲ್ಲಿ ಎತ್ತು ಹಾಯಲು ಬಂದಿತೆಂದು ಓಡಿ ಬಿದ್ದದ್ದು ನಿನಗೆ ನೆನಪಿರಲಿಕ್ಕಿಲ್ಲ, ನಮಗೆ ನೆನಪಿದೆ. ಆಮೇಲೆಯೂ ಬಿದ್ದಿದ್ದೀ. ನಾವು ನಿನ್ನನ್ನು ಕಟ್ಟಿಹಾಕಿದೆವು ಎಂದು ನಿನಗೆ ಅನ್ನಿಸಿದ್ದರೆ ಅನ್ನಿಸಲಿ. ಒಂದು ಮಗುವನ್ನು ಕಳೆದುಕೊಂಡ ಮನೆಯಲ್ಲಿ ಎರಡನೆಯದನ್ನು ಬೇರೆ ಹೇಗೆ ಬೆಳೆಸುತ್ತಾರೋ ನನಗೆ ತಿಳಿಯದು.

ಮೈಮುನಾ ಅವರಿಗೆ ನನ್ನ ನಮಸ್ಕಾರ ತಿಳಿಸು. ಅವರಿಗೆ ಹಾಗಾದಾಗ ನೀನು ಒಬ್ಬಳೇ ಇರಬೇಡ, ಪಕ್ಕದ ಮನೆಯವರನ್ನು ಕರೆ. ನಮ್ಮ ಕಡೆ ಮಳೆ ಚೆನ್ನಾಗಿದೆ, ಹೆಸರು ಬಿತ್ತಿದವರ ಮುಖದಲ್ಲಿ ಕಳೆ ಇದೆ. ಅಂಗಡಿಯ ಅಟ್ಟ ಹತ್ತಿದರೆ ಈಚೆಗೆ ದಮ್ಮು ಹತ್ತುತ್ತದೆ, ವಯಸ್ಸು ಅರವತ್ತು ದಾಟಿತಲ್ಲ.

ನಿನ್ನ ಅಪ್ಪ
ಫಕೀರಪ್ಪ


ಬೆಂಗೇರಿ
೧೧ ಆಗಸ್ಟ್ ೨೦೨೪

ಅಪ್ಪಾಜಿ,

ಇದನ್ನು ಅವ್ವನಿಗೆ ಓದಿ ಹೇಳುವ ಮೊದಲು ನೀವೊಬ್ಬರೇ ಓದಿ. ನಾನು ಈಗ ಆರಾಮಿದ್ದೇನೆ.

ಕಳೆದ ವಾರ ಕಂಪನಿಯ ಬಸ್ಸು ಹೊರಟುಬಿಟ್ಟಿತ್ತು. ನಾನೂ ಕರುಣಾಳೂ ಅದರ ಹಿಂದೆ ಓಡಿದೆವು. ಗೇಟಿನ ಹತ್ತಿರ ನಾನು ಬಿದ್ದೆ. ಎಚ್ಚರವಾದಾಗ ಮೊಣಕೈ ತರಚಿತ್ತು, ಸುತ್ತಲೂ ಜನ, ಯಾರೋ ನನ್ನ ಮುಷ್ಟಿಯಲ್ಲಿ ಬೀಗದ ಕೈ ತುರುಕಿದ್ದರು. ನಾನು ಎದ್ದು ಚಪ್ಪಲಿ ಹುಡುಕಿದೆ. ಬೇಡವೆಂದರೂ ಕರುಣಾ ಆಟೋದಲ್ಲಿ ಕೂರಿಸಿಕೊಂಡು ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದೊಯ್ದಳು.

ಅಲ್ಲಿನ ವೈದ್ಯೆ ನನಗಿಂತ ಸ್ವಲ್ಪವೇ ದೊಡ್ಡವರು. ಕರುಣಾ ವೈದ್ಯೆಯೊಡನೆ ಆಡಿದ ಮಾತನ್ನು ಆಮೇಲೆ ನನ್ನ ಫೋನಿನಲ್ಲಿ ಆಡಿದ ಹಾಗೇ ಬರೆದು ತೋರಿಸಿದಳು, ಅದನ್ನೇ ನಿಮಗೂ ಬರೆಯುತ್ತೇನೆ. “ಇಕಿಗೆ ಸಣ್ಣಾಕಿದ್ದಾಗಿಂದ ಫಿಟ್ಸ್ ಐತ್ರಿ” ಎಂದಳಂತೆ ಇವಳು. “ಎದ್ದ ಮ್ಯಾಲೆ ಮಂಪರ ಇತ್ತೇನು? ಎಲ್ಲಿದ್ದೀನಿ ಅಂತ ತಿಳೀಲಾರದಂಗ ಆಗಿತ್ತೇನು?” ಎಂದು ಅವರು ಕೇಳಿದರಂತೆ. ಇಲ್ಲ, ಎದ್ದವಳೇ ಚಪ್ಪಲಿ ಹುಡುಕಿದಳು ಎಂದಳಂತೆ ಕರುಣಾ.

ಆಮೇಲೆ ಅವರು ನನ್ನ ಕಡೆ ತಿರುಗಿ ಒಂದು ಹಾಳೆಯಲ್ಲಿ ಬರೆದು ಬರೆದು ಕೇಳಿದರು. ಪ್ರತಿ ಸಲವೂ ಓಡುವಾಗಲೇ ಬಿದ್ದೆಯಾ? ಇಲ್ಲವೆ ಹೆದರಿದಾಗ? ನಾಲಗೆ ಕಚ್ಚಿಕೊಂಡಿದ್ದೀಯಾ? ಹುಟ್ಟಿನಿಂದಲೇ ಕಿವುಡೇ? ಅಪ್ಪ ಅವ್ವ ಮದುವೆಗೆ ಮೊದಲೇ ಸಂಬಂಧಿಕರೇ? ನೀವು ಅವ್ವನ ಸೋದರಮಾವ ಎಂದು ಬರೆದೆ. ಮನೆಯಲ್ಲಿ ಇನ್ನೊಬ್ಬರು ಹೀಗೆ ಇದ್ದರೇ ಎಂದು ಕೇಳಿದರು. ಅಣ್ಣ ಇದ್ದ, ಅವನಿಗೂ ಕಿವಿ ಕೇಳುತ್ತಿರಲಿಲ್ಲ, ಅವನಿಗೂ ಫಿಟ್ಸ್ ಇತ್ತು, ಹತ್ತು ವರ್ಷಕ್ಕೆ ಹೋದ ಎಂದು ಬರೆದೆ. ಅವರು ಅದನ್ನು ಓದಿ ಪೆನ್ನು ಕೆಳಗಿಟ್ಟರು. ಮತ್ತೆ ಎತ್ತಿಕೊಂಡು, ‘ಓಡುವಾಗ ಹೋದನೇ?’ ಎಂದು ಬರೆದರು.

ನನಗೆ ಗೊತ್ತಿರಲಿಲ್ಲ. ಆಗ ನಾನು ಆರು ವರ್ಷದವಳು, ಜ್ವರದಲ್ಲಿ ಮಲಗಿದ್ದೆ. ಆಮೇಲೆ ನಮ್ಮ ಮನೆಯಲ್ಲಿ ಯಾರ ಕೈಯೂ ಅವನ ಹೆಸರು ಹೇಳಲಿಲ್ಲ.

ಎದೆಗೆ ತಂತಿ ಅಂಟಿಸಿ ಇಸಿಜಿ ತೆಗೆದಿದ್ದಾರೆ. ನಿಮ್ಮಿಬ್ಬರದೂ ತೆಗೆಯಬೇಕಂತೆ. ಅಣ್ಣ ಹೇಗೆ ಹೋದ ಎಂಬುದನ್ನು ಬರೆದು ಕಳಿಸಿ.

ಸೌಂದರ್ಯಾ


ಹೊಸಯಲ್ಲಾಪುರ
೨೦ ಆಗಸ್ಟ್ ೨೦೨೪

ಮಗಳೇ,

ಕೆಲಸಕ್ಕೆ ರಜೆ ಹಾಕಿ ಮನೆಗೆ ಬಾ. ಬಸ್ಸು ತಪ್ಪಿದರೆ ತಪ್ಪಲಿ ಎಂದು ನಿಲ್ಲುವಷ್ಟು ತಿಳಿವಳಿಕೆ ಇರಬೇಕಿತ್ತು. ನಾನು ನಿನಗೆ ಬೈಯುತ್ತಿಲ್ಲ.

ನಮ್ಮ ಶಿವೂನ ವಿಷಯವನ್ನು ಈಗ ಕೆದಕಿ ಯಾರಿಗೆ ಏನು ಸಿಗಬೇಕಾಗಿದೆ? ಫಿಟ್ಸ್ ಎಂದು ದೊಡ್ಡ ದೊಡ್ಡ ವೈದ್ಯರೇ ಹೇಳಿದ್ದಾರೆ. ನಿನ್ನ ಅವ್ವನಿಗೆ ಈ ಕಾಗದ ತೋರಿಸಿಲ್ಲ. ಶ್ರಾವಣದ ಪೂಜೆಯಲ್ಲಿದ್ದಾಳೆ, ಅವಳನ್ನು ಕದಲಿಸಬೇಡ.

ಫಕೀರಪ್ಪ


ಬೆಂಗೇರಿ
೧ ಸೆಪ್ಟೆಂಬರ್ ೨೦೨೪

ಅಪ್ಪಾಜಿ,

ನೀವು ಬರೆಯದಿದ್ದರೂ ನಾನು ಬರೆಯುತ್ತೇನೆ. ನನಗಿರುವುದು ಫಿಟ್ಸ್ ಅಲ್ಲ.

ವೈದ್ಯೆ ಮೂರು ಸಲ ಕರೆಸಿಕೊಂಡು, ಚಿತ್ರ ಬಿಡಿಸಿ ತಿಳಿಸಿ ಹೇಳಿದರು. ಹೃದಯದಲ್ಲಿ ತನ್ನದೇ ಆದ ವಿದ್ಯುತ್ತು ಇದೆಯಂತೆ. ಒಂದು ಬಡಿತ ಆದ ಮೇಲೆ ಮುಂದಿನ ಬಡಿತಕ್ಕೆ ಅದು ಮತ್ತೆ ತಯಾರಾಗಬೇಕು. ನನ್ನ ಹೃದಯ ತಯಾರಾಗಲು ಉಳಿದವರಿಗಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಹಾಳೆಯ ಮೇಲೆ ಆ ಗೆರೆ ಉದ್ದವಾಗಿ ಕಾಣುತ್ತದೆ, ನನಗೂ ತೋರಿಸಿದರು. ಓಡಿದಾಗ, ಹೆದರಿದಾಗ, ತಯಾರಾಗುವ ಮೊದಲೇ ಇನ್ನೊಂದು ಬಡಿತ ಬಂದು ಬಿದ್ದರೆ ಕೆಳಗಿನ ಕೋಣೆಗಳು ದಾರಿ ತಪ್ಪಿ ಬರೀ ನಡುಗುತ್ತವೆ. ನಡುಗುವ ಹೃದಯ ರಕ್ತವನ್ನು ಮುಂದಕ್ಕೆ ತಳ್ಳುವುದಿಲ್ಲ. ತಲೆಗೆ ರಕ್ತ ಇಲ್ಲದೆ ಮನುಷ್ಯ ಬೀಳುತ್ತಾನೆ, ಕೈಕಾಲು ಎಳೆಯಲೂಬಹುದು, ನೋಡಿದವರಿಗೆ ಅದು ಫಿಟ್ಸಿನ ಹಾಗೇ ಕಾಣುತ್ತದೆ. ತಾನಾಗಿ ಸರಿಹೋದರೆ ಎದ್ದು ಚಪ್ಪಲಿ ಹುಡುಕುತ್ತಾನೆ. ಸರಿಹೋಗದಿದ್ದರೆ ಏಳುವುದಿಲ್ಲ.

ಹಾಗಾದರೆ ಎದೆ ಜೋರಾಗಿ ಬಡಿದಾಗಲೆಲ್ಲ ಹೆದರಬೇಕೇ ಎಂದು ಕೇಳಿದೆ. ಬೇಡವಂತೆ. ಮೆಟ್ಟಿಲು ಹತ್ತಿದಾಗ, ಜ್ವರ ಬಂದಾಗ ಎಲ್ಲರ ಹೃದಯವೂ ಮೆಲ್ಲಗೆ ವೇಗ ಹೆಚ್ಚಿಸಿಕೊಂಡು ಮೆಲ್ಲಗೆ ಇಳಿಯುತ್ತದೆ, ಅದು ರೋಗವೇ ಅಲ್ಲ. ಮೈಮುನಾ ಚಾಚಿಯದು ಥಟ್ಟನೆ ಬರುತ್ತದೆ, ಒಂದೇ ಸಮ ಓಡುತ್ತದೆ, ಆದರೂ ರಕ್ತ ತಳ್ಳುತ್ತದೆ. ಅದಕ್ಕೇ ಅವರು ಕೂತು ನನ್ನ ಕೈ ಹಿಡಿದು ತೋರಿಸಲು ಸಾಧ್ಯವಾಯಿತು. ನನ್ನದನ್ನು ಯಾರಿಗೂ ಹಾಗೆ ತೋರಿಸಲು ಆಗುವುದಿಲ್ಲ. ಅಷ್ಟರಲ್ಲಿ ನಾನೇ ಇರುವುದಿಲ್ಲ.

ಹುಟ್ಟು ಕಿವುಡುತನವೂ ಇದೂ ಒಂದೇ ಬೇರಿನವು ಎಂದರು. ನಿಮ್ಮಲ್ಲಿ ಅರ್ಧ, ಅವ್ವನಲ್ಲಿ ಅರ್ಧ ಇದ್ದದ್ದು ನಮ್ಮಲ್ಲಿ ಕೂಡಿದೆ. ಇದರಲ್ಲಿ ಯಾರ ತಪ್ಪೂ ಇಲ್ಲ ಎಂದು ಅವರು ದೊಡ್ಡ ಅಕ್ಷರದಲ್ಲಿ ಬರೆದು ಕೆಳಗೆ ಗೆರೆ ಎಳೆದರು. ಅದನ್ನು ನಿಮಗೆಂದೇ ಬರೆಯುತ್ತಿದ್ದೇನೆ.

ಹೊಸ ಗುಳಿಗೆ ಶುರುವಾಗಿದೆ. ಹಳೆಯದನ್ನು ಒಮ್ಮೆಲೇ ಬಿಡಬಾರದಂತೆ, ಅವರೇ ಮೆಲ್ಲಗೆ ಬಿಡಿಸುತ್ತಾರೆ. ಭುಜದ ಕೆಳಗೆ, ಚರ್ಮದೊಳಗೆ ಒಂದು ಸಣ್ಣ ಯಂತ್ರ ಕೂರಿಸಬೇಕೆನ್ನುತ್ತಾರೆ. ಹೃದಯ ನಡುಗಲು ಹತ್ತಿದರೆ ಅದು ಒಳಗಿನಿಂದಲೇ ವಿದ್ಯುತ್ತಿನ ಹೊಡೆತ ಕೊಟ್ಟು ಸರಿಮಾಡುತ್ತದೆ.

ಅಪ್ಪಾಜಿ, ಅಣ್ಣ ಓಡುವಾಗ ಹೋದನೇ?

ಸೌಂದರ್ಯಾ


ಹೊಸಯಲ್ಲಾಪುರ
೬ ಅಕ್ಟೋಬರ್ ೨೦೨೪

ನನ್ನ ಮಗಳು ಸೌಂದರ್ಯಾಳಿಗೆ,

ಒಂದು ತಿಂಗಳಿಂದ ನಿನ್ನ ಕಾಗದ ಜೇಬಿನಲ್ಲೇ ಇದೆ.

ಹೌದು, ಓಡುವಾಗಲೇ ಹೋದ.

ಆಗಸ್ಟ್ ಹದಿನೈದು. ನಿಮ್ಮ ಶಾಲೆಯ ಮೈದಾನ. ಧ್ವಜ ಏರಿಸಿದ ಮೇಲೆ ಮಕ್ಕಳಿಗೆ ಓಟದ ಪಂದ್ಯ ಇತ್ತು. ನಿನಗೆ ಜ್ವರ, ಅದಕ್ಕೆ ನಿನ್ನ ಅವ್ವ ಮನೆಯಲ್ಲೇ ಉಳಿದಳು. ನಾನೊಬ್ಬನೇ ಹೋದೆ. ಕಿವುಡ ಮಕ್ಕಳಿಗೆ ಸೀಟಿ ಊದಿ ಏನು ಪ್ರಯೋಜನ, ಒಬ್ಬ ಮೇಷ್ಟ್ರು ಕೆಂಪು ಬಟ್ಟೆ ಎತ್ತಿ ಹಿಡಿದು ಕೆಳಗೆ ಬಿಟ್ಟರು. ಅವನು ಎಲ್ಲರಿಗಿಂತ ಮೊದಲು ಜಿಗಿದ. ನಾನು ಆಚೆ ತುದಿಯಲ್ಲಿ, ಹಗ್ಗ ಹಿಡಿದವರ ಪಕ್ಕದಲ್ಲಿ ನಿಂತಿದ್ದೆ. ಅವನು ನನ್ನನ್ನು ನೋಡಿದ. ನನಗೆ ಕೈಮಾತು ಬಾರದಿದ್ದರೂ ಎರಡೂ ತೋಳು ಚಾಚಿ ಬಾ ಬಾ ಎಂದದ್ದು ಅವನಿಗೆ ತಿಳಿಯದೆ ಇರುತ್ತದೆಯೇ? ಹಲ್ಲು ಬಿಟ್ಟು ನಗುತ್ತಾ ಓಡಿ ಬಂದ. ಉಳಿದ ಮಕ್ಕಳು ಬಹಳ ಹಿಂದೆ ಇದ್ದರು. ಹಗ್ಗ ಇನ್ನೇನು ಎದೆಗೆ ತಾಗಬೇಕು, ಅಷ್ಟರಲ್ಲಿ ಮುಂದಕ್ಕೆ ಬಿದ್ದ. ಎಡವಿದ ಎಂದುಕೊಂಡೆ. ಎಲ್ಲರೂ ಎಡವಿದ ಎಂದೇ ತಿಳಿದು ನಕ್ಕರು.

ಕೈಕಾಲು ಒಮ್ಮೆ ಸೆಳೆದವು. ಆಮೇಲೆ ಫಿಟ್ಸ್ ಎಂದು ಕೂಗಾಟ, ಒಬ್ಬರು ಬೀಗದ ಕೈ ತಂದರು, ಇನ್ನೊಬ್ಬರು ಈರುಳ್ಳಿ ಒಡೆದು ಮೂಗಿಗೆ ಹಿಡಿದರು. ಯಾರಿಗೂ ಕೆಟ್ಟ ಮನಸ್ಸು ಇರಲಿಲ್ಲ. ಅವನ ಮುಷ್ಟಿ ಮಾತ್ರ ಬೀಗದ ಕೈಯನ್ನು ಹಿಡಿಯಲಿಲ್ಲ, ಮತ್ತೆ ಮತ್ತೆ ಜಾರಿ ಬೀಳುತ್ತಿತ್ತು. ಯಾರದೋ ಜೀಪಿನಲ್ಲಿ ಆಸ್ಪತ್ರೆಗೆ ಹೋದೆವು. ತೊಡೆಯ ಮೇಲೆ ಮಲಗಿಸಿಕೊಂಡಿದ್ದೆ. ಎದೆಯ ಮೇಲೆ ಕೈ ಇಟ್ಟೆ. ಜೀಪಿನ ಕುಲುಕಾಟದಲ್ಲಿ ಅವನ ಬಡಿತ ಏನು ತಿಳಿಯಬೇಕು.

ಇಷ್ಟೇ ಮಗಳೇ. ಇಪ್ಪತ್ತು ವರ್ಷ ಇದನ್ನು ನಾನು ಯಾರಿಗೂ ಪೂರ್ತಿ ಹೇಳಿಲ್ಲ, ನಿನ್ನ ಅವ್ವನಿಗೂ. ಅವಳಿಗೆ ನಿನ್ನ ಕಾಯಿಲೆಯನ್ನು ಈವತ್ತು ತಿಳಿಸಿದೆ. ನಿನ್ನ ಇಸಿಜಿಗೆ ನಾವು ಬಂದಿರಲಿಲ್ಲ, ನಮ್ಮದಕ್ಕೆ ಬರುತ್ತೇವೆ. ಚಿಗರಿ ಸಿಟಿ ಬಸ್ಸಿಗೆ ಬಂದು ನಡುವೆ ರಾಯಾಪುರದಲ್ಲಿ ಇಳಿಯಬೇಕೇ, ಹುಬ್ಬಳ್ಳಿಯವರೆಗೂ ಬರಬೇಕೇ ಎಂದು ಫೋನಿನಲ್ಲಿ ತಿಳಿಸು.

ನಿನ್ನ ಅಪ್ಪ


ಬೆಂಗೇರಿ
೧ ಡಿಸೆಂಬರ್ ೨೦೨೪

ಅಪ್ಪಾಜಿ, ಅವ್ವಾ,

ಯಂತ್ರ ಕೂರಿಸಿದ ಕಡೆಯ ಹೊಲಿಗೆ ಬಿಚ್ಚಿದರು. ಎಡಭುಜದ ಕೆಳಗೆ ಬೆಂಕಿಪೊಟ್ಟಣದಷ್ಟು ಉಬ್ಬು ಇದೆ. ಮೈಮುನಾ ಚಾಚಿ ನನ್ನ ಎಲ್ಲ ರವಿಕೆಗಳನ್ನೂ ಬಿಚ್ಚಿ ಆ ಪಕ್ಕ ಸಡಿಲ ಮಾಡಿ ಹೊಲಿದುಕೊಟ್ಟಿದ್ದಾರೆ. ಎಡಗೈಯನ್ನು ಇನ್ನೂ ಕೆಲವು ದಿನ ಮೇಲೆತ್ತಬಾರದು. ನಮ್ಮ ಭಾಷೆಗೆ ಎರಡು ಕೈ ಬೇಕು, ಆದ್ದರಿಂದ ಈಗ ನಾನು ಅರ್ಧ ಮಾತಾಡುವವಳು.

ಅಪ್ಪಾಜಿ, ನಿಮ್ಮ ಗುಳಿಗೆಯ ವಿಷಯ ಕೇಳಲು ಇದನ್ನು ಬರೆಯುತ್ತಿದ್ದೇನೆ. ನೀವಿಬ್ಬರೂ ಇಸಿಜಿಗೆ ಬಂದ ದಿನ ಆಸ್ಪತ್ರೆಯ ಬೆಂಚಿನ ಮೇಲೆ ನಾನು ನಿಮ್ಮ ಮಣಿಕಟ್ಟು ಹಿಡಿದೆನಲ್ಲ, ಅದು ಪ್ರೀತಿಯಿಂದ ಎಂದು ನೀವು ತಿಳಿದಿರಿ. ಮೊದಲು ಪ್ರೀತಿಯಿಂದಲೇ ಹಿಡಿದದ್ದು. ಆಮೇಲೆ ಬಿಡಲಾಗಲಿಲ್ಲ. ಎರಡು ಬಡಿತ ಒಟ್ಟಿಗೆ ಬಂದವು, ಆಮೇಲೆ ತಡ, ಆಮೇಲೆ ಒಂದು ಸಣ್ಣದು, ಮತ್ತೆ ಅವಸರದಲ್ಲಿ ನಾಲ್ಕೈದು. ಚಾಚಿಯ ಹಾಗೆ ಒಂದೇ ಸಮ ಇರಲೇ ಇಲ್ಲ. ನೀವು ಅಟ್ಟ ಹತ್ತಿದಾಗ ಬರುವ ದಮ್ಮು ವಯಸ್ಸಿನದಲ್ಲ, ಈ ಅಳತೆ ತಪ್ಪಿದ ಬಡಿತದ್ದು ಎಂದು ವೈದ್ಯೆ ಹೇಳಿದ್ದನ್ನು ಮರೆಯಬೇಡಿ. ಮೇಲಿನ ಕೋಣೆಗಳು ಹೀಗೆ ಅಡ್ಡಾದಿಡ್ಡಿ ಕಂಪಿಸುತ್ತಿದ್ದರೆ ರಕ್ತ ಅಲ್ಲೇ ನಿಂತು ಹೆಪ್ಪುಗಟ್ಟುತ್ತದೆ, ಆ ಹೆಪ್ಪು ತಲೆಗೆ ಏರಿದರೆ ಲಕ್ವಾ ಹೊಡೆಯುತ್ತದೆ. ರಕ್ತ ತೆಳುವಾಗುವ ಗುಳಿಗೆಯನ್ನು ಒಂದು ದಿನವೂ ಬಿಡಬೇಡಿ. ನನಗೆ ನೀವು ಹೇಳುತ್ತಿದ್ದ ಮಾತನ್ನೇ ನಾನು ನಿಮಗೆ ಹೇಳುವ ಕಾಲ ಬಂತು.

ಅವ್ವ ಆಸ್ಪತ್ರೆಯಲ್ಲಿ ನನ್ನೊಡನೆ ಯಾಕೆ ಮಾತಾಡಲಿಲ್ಲ? ಅವಳ ಎರಡೂ ಕೈಗಳು ಸೆರಗಿನೊಳಗೇ ಇದ್ದವು.

ಸೌಂದರ್ಯಾ


ಹೊಸಯಲ್ಲಾಪುರ
೧೯ ಡಿಸೆಂಬರ್ ೨೦೨೪

ಮಗಳೇ,

ಗುಳಿಗೆ ತೆಗೆದುಕೊಳ್ಳುತ್ತಿದ್ದೇನೆ. ನಿನ್ನ ಅವ್ವನೇ ಊಟದ ತಾಟಿನ ಪಕ್ಕದಲ್ಲಿ ಇಡುತ್ತಾಳೆ, ಆದರೆ ಮಾತಿಲ್ಲ.

ನೀನು ಒಳಗಿದ್ದಾಗ ಅವಳು ವೈದ್ಯೆಯನ್ನು ಒಂದು ಮಾತು ಕೇಳಿದಳು. ಆಗ ಶಿವೂಗೂ ಈ ತಂತಿ ಹಚ್ಚಿ ನೋಡಿದ್ದರೆ ತಿಳಿಯುತ್ತಿತ್ತೇ ಎಂದು. ಆ ಹುಡುಗಿ ಸುಳ್ಳು ಹೇಳಬಹುದಿತ್ತು. ತಿಳಿಯುತ್ತಿತ್ತು ಎಂದಳು. ಎಷ್ಟೋ ಮಕ್ಕಳಿಗೆ ಹೀಗೆ ಫಿಟ್ಸ್ ಎಂದೇ ಆಗುತ್ತದೆ, ಯಾರಿಗೂ ಹೊಳೆಯುವುದಿಲ್ಲ ಎಂದೂ ಹೇಳಿದಳು. ನಿನ್ನ ಅವ್ವನಿಗೆ ಮೊದಲ ಮಾತು ಕೇಳಿಸಿತು, ಎರಡನೆಯದು ಕೇಳಿಸಲಿಲ್ಲ.

ಮನೆಗೆ ಬಂದ ಮೇಲೆ ನನ್ನಿಂದ ಆ ದಿನದ್ದನ್ನೆಲ್ಲ ಹೇಳಿಸಿದಳು. ನಿನಗೆ ಬರೆದದ್ದನ್ನೇ ಹೇಳಿದೆ. ಅಳಲಿಲ್ಲ. “ಬಿದ್ದಾಗ ನನ್ನ ಹುಡುಕಿದನೇನು?” ಎಂದು ಕೇಳಿದಳು. ನನಗೆ ಏನು ಗೊತ್ತು? ಗೊತ್ತಿಲ್ಲ ಎಂದೆ. ಈಗ ದಿನಾ ಅದನ್ನೇ ಕೇಳುತ್ತಾಳೆ. ರೊಟ್ಟಿ ಬಡಿಯುತ್ತಾ ಕೈ ನಿಲ್ಲಿಸಿ ಕೇಳುತ್ತಾಳೆ. ಅವನಿಗೆ ಕೂಗಲು ಬರುತ್ತಿರಲಿಲ್ಲ, ಅವನ ಮಾತೆಲ್ಲ ಕೈಯಲ್ಲಿ, ಆ ಕೈಯನ್ನು ಎಲ್ಲರೂ ಹಿಡಿದುಕೊಂಡಿದ್ದಿರಿ, ಅವನು ಅವ್ವ ಎಂದು ಹೇಗೆ ಹೇಳಬೇಕಿತ್ತು ಎನ್ನುತ್ತಾಳೆ. ನಾನು ಅಂಗಡಿಗೆ ಎದ್ದು ಹೋಗುತ್ತೇನೆ.

ಸಂಕ್ರಾಂತಿಗೆ ಬಾ ಎನ್ನಲು ಧೈರ್ಯವಿಲ್ಲ. ಬರದೆ ಇರಬೇಡ ಎನ್ನಲೂ ಆಗುತ್ತಿಲ್ಲ.

ಫಕೀರಪ್ಪ


ಬೆಂಗೇರಿ
೯ ಮಾರ್ಚ್ ೨೦೨೫

ಅಪ್ಪಾಜಿ,

ಸಂಕ್ರಾಂತಿಗೆ ನಾನು ಬಂದು ಹೋದ ಮೇಲೆ ನೀವು ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಅವ್ವ ಎಳ್ಳುಬೆಲ್ಲ ಕೊಟ್ಟು ಒಳಗೆ ಹೋದದ್ದು ಕಣ್ಣಿಗೆ ಕಟ್ಟಿದಂತಿತ್ತು. ಈಗ ಬರೆಯಲೇಬೇಕಾದದ್ದು ಒಂದು ನಡೆದಿದೆ. ಇದನ್ನು ಅವ್ವನಿಗೆ ಓದಿ ಹೇಳಿ, ನಡುವೆ ಎದ್ದು ಹೋಗಬೇಡಿ.

ಹೋದ ಮಂಗಳವಾರ ಕೆಲಸದಿಂದ ಬಂದು ನಮ್ಮ ಓಣಿಗೆ ತಿರುಗಿದೆ. ಹಿಂದಿನಿಂದ ನಾಯಿ ಬೊಗಳುತ್ತಾ ಬಂದದ್ದು ನನಗೆ ಕೇಳಿಸಲಿಲ್ಲ. ಸೀರೆಯ ನೆರಿಗೆಗೆ ಬಾಯಿ ಹಾಕಿದಾಗಲೇ ತಿಳಿದದ್ದು. ಓಡಿದೆ. ಓಡಬಾರದೆಂದು ಗೊತ್ತಿದ್ದೂ ಓಡಿದೆ. ಚಾಚಿ ಬಾಗಿಲಲ್ಲಿ ಬಟ್ಟೆ ಅಳೆಯುತ್ತಿದ್ದರು, ಅವರ ಮನೆಯ ಕಟ್ಟೆ ಕಾಣುತ್ತಿತ್ತು, ಅಲ್ಲಿಗೆ ಮುಟ್ಟಿದರೆ ಸಾಕು ಎಂದುಕೊಂಡೆ.

ಆಮೇಲೆ ಚಾಚಿಯ ಮುಖ ನನ್ನ ಮುಖದ ಮೇಲೆ ಇತ್ತು, ಅವರ ಕಣ್ಣೀರು ನನ್ನ ಕೆನ್ನೆಗೆ ಬೀಳುತ್ತಿತ್ತು.

ಯಂತ್ರ ತನ್ನ ಕೆಲಸ ಮಾಡಿತ್ತು. ಆಸ್ಪತ್ರೆಯಲ್ಲಿ ಅದರ ಮೇಲೊಂದು ಉಪಕರಣ ಇಟ್ಟು ಒಳಗೆ ನಡೆದದ್ದನ್ನೆಲ್ಲ ಕಾಗದದ ಮೇಲೆ ತೆಗೆದರು. ಗೆರೆ ಮೊದಲು ಸರಿಯಾಗಿ ಓಡಿ, ಆಮೇಲೆ ಹಗ್ಗ ಹೊಸೆದ ಹಾಗೆ ತಿರುಚಿಕೊಂಡು ಎದ್ದುಬಿದ್ದಿತ್ತು. ಅಲ್ಲೊಂದು ದೊಡ್ಡ ಗೀಟು, ಅದು ಯಂತ್ರ ಕೊಟ್ಟ ಹೊಡೆತ. ಅದರ ಮುಂದೆ ಮತ್ತೆ ಸರಿಯಾದ ಬಡಿತ. ಹೊಡೆತ ಇಲ್ಲದಿದ್ದರೆ ಆ ತಿರುಚು ನಿಲ್ಲುತ್ತಿತ್ತೋ ಇಲ್ಲವೋ ಹೇಳಲಾಗದು ಎಂದರು ವೈದ್ಯೆ. ಅವರು ನನ್ನ ತಲೆಯ ಮೇಲೆ ಕೈ ಇಟ್ಟುಕೊಂಡೇ ಅದನ್ನು ಬರೆದರು.

ಅವ್ವಾ, ನೀನು ಕೇಳುತ್ತಿರುವ ಪ್ರಶ್ನೆಗೆ ಉತ್ತರ ಗೊತ್ತಿರುವವಳು ಈ ಮನೆಯಲ್ಲಿ ನಾನೊಬ್ಬಳೇ. ಶಿವು ಅಣ್ಣ ಹೋದ ಜಾಗದ ಬಾಗಿಲವರೆಗೆ ನಾನು ಹೋಗಿ ಬಂದಿದ್ದೇನೆ. ನೋವಾಗಲಿಲ್ಲ. ಎದೆಯಲ್ಲಿ ಏನೋ ಒಂದು ಹೊರಳಿದ ಹಾಗಾಯಿತು, ಅಷ್ಟೇ. ಇದು ಬಂತು ಎಂದು ತಿಳಿಯುವಷ್ಟು ಹೊತ್ತೂ ಇರಲಿಲ್ಲ. ಉಸಿರು ಕಟ್ಟಲಿಲ್ಲ, ಯಾರನ್ನಾದರೂ ಕರೆಯಬೇಕು ಎನ್ನಿಸಲಿಲ್ಲ. ಬಿದ್ದದ್ದೂ ಗೊತ್ತಿಲ್ಲ. ನನ್ನ ಕೊನೆಯ ನೆನಪು ಚಾಚಿಯ ಮನೆಯ ಕಟ್ಟೆ, ಅದು ಹತ್ತಿರ ಬರುತ್ತಿದೆ ಎಂಬ ಆಸೆ. ಎದ್ದ ಮೇಲೆ ಮಾತ್ರ ಎದೆಗೆ ಯಾರೋ ಗುದ್ದಿದ ಹಾಗೆ ನೋವಿತ್ತು, ಅದು ಯಂತ್ರದ್ದು.

ನಾನು ನಾಯಿಗೆ ಹೆದರಿ ಓಡಿದೆ. ಅಣ್ಣ ಹೆದರಿ ಓಡಿದವನಲ್ಲ. ಅವನು ಗೆಲ್ಲುತ್ತಿದ್ದ. ಎದುರಿಗೆ ಅಪ್ಪ ತೋಳು ಚಾಚಿ ನಿಂತಿದ್ದರು. ಅವನ ಕಣ್ಣಲ್ಲಿ ಕೊನೆಗೆ ಇದ್ದದ್ದು ಅದು. ಅವನ ಕೈ ಯಾರೂ ಹಿಡಿಯುವ ಮೊದಲೇ ಅವನು ಅಲ್ಲಿರಲಿಲ್ಲ. ಅವನಿಗೆ ಹೇಳಲು ಏನೂ ಉಳಿದಿರಲಿಲ್ಲ ಅವ್ವಾ. ಇದನ್ನು ನಿನ್ನ ಸಮಾಧಾನಕ್ಕೆಂದು ಬರೆಯುತ್ತಿಲ್ಲ, ನನಗೆ ಆದದ್ದನ್ನು ಬರೆಯುತ್ತಿದ್ದೇನೆ.

ನಿನ್ನ ಮಗಳು
ಸೌಂದರ್ಯಾ


ಹೊಸಯಲ್ಲಾಪುರ
೧೬ ಮಾರ್ಚ್ ೨೦೨೫

ನನ್ನ ಸೌಂದರ್ಯಾಳಿಗೆ,

ನೀನು ಹೇಳಿದ ಹಾಗೆ ನಡುವೆ ಏಳದೆ ಓದಿದೆ. ನಾಯಿಯ ಭಾಗ ಬಂದಾಗ ಕಾಗದ ತೊಡೆಯ ಮೇಲಿಟ್ಟೆ, ನಿನ್ನ ಅವ್ವ ನೀರು ತಂದುಕೊಟ್ಟು ಮುಂದೆ ಓದಲು ಹೇಳಿದಳು. ಮುಗಿದ ಮೇಲೆ ಕೊನೆಯ ಭಾಗವನ್ನು ಇನ್ನೊಮ್ಮೆ ಓದಿಸಿದಳು.

“ಅಂದ್ರ ಅವ್ವ ಬರಲಿಲ್ಲ ಅಂತ ಅವ ಅಂದಕೊಂಡಿಲ್ಲ” ಎಂದಳು. ನಾನು ಇಲ್ಲ ಎಂದು ತಲೆಯಾಡಿಸಿದೆ. ಅವಳ ಭುಜ ಇಳಿದದ್ದು ಕಂಡಿತು. ಇನ್ನು ಈ ಮನೆಗೆ ಸ್ವಲ್ಪ ನೆಮ್ಮದಿ ಬಂದೀತು ಎಂದುಕೊಂಡು ನಾನು ಅಂಗಡಿಯ ಬೀಗ ತೆಗೆದುಕೊಂಡು ಎದ್ದೆ.

ಹೊಸ್ತಿಲು ದಾಟುವಾಗ ಹಿಂದಿನಿಂದ ಕೇಳಿಸಿತು. “ಒಂದ ಸಲಾನೂ ನನ್ನ ನೆನೀಲಿಲ್ಲ ಅವ.”

ತಿರುಗಿ ನೋಡಿದರೆ ಅಳುತ್ತಿದ್ದಳು. ಇಪ್ಪತ್ತು ವರ್ಷ ಅವಳು ಆ ಮೈದಾನದಲ್ಲಿ ತನ್ನನ್ನು ಹುಡುಕುತ್ತಿದ್ದ ಮಗನೊಬ್ಬನನ್ನು ಇಟ್ಟುಕೊಂಡು ಬದುಕಿದ್ದಳು ಮಗಳೇ. ಅದು ಸಂಕಟವೇ, ಆದರೆ ಅವನು ಅವಳವನಾಗಿದ್ದ. ಈಗ ಅವನೂ ಹೋದ. ಹೋಗಬೇಕಾದದ್ದೇ ಹೋಯಿತು, ಆದರೂ ಹೋಯಿತು. ನಾನು ಅಂಗಡಿಗೆ ಹೋಗಲಿಲ್ಲ. ಬೀಗ ಅಲ್ಲೇ ಇಟ್ಟು ಅವಳ ಹತ್ತಿರ ಕೂತೆ. ಅವಳು ಬಹಳ ಹೊತ್ತು ಅತ್ತಳು, ಹೆಸರು ಹಿಡಿದು ಅತ್ತಳು. ಆ ಹೆಸರು ನಮ್ಮ ಗೋಡೆಗಳಿಗೆ ಮರೆತೇಹೋಗಿತ್ತು.

ಬರುವ ಭಾನುವಾರ ಇಬ್ಬರೂ ಬೆಂಗೇರಿಗೆ ಬರುತ್ತೇವೆ. ಮೈಮುನಾ ಅವರಿಗೆ ಮೊದಲೇ ಹೇಳಿಡು, ಅವರಿಗೆ ಕೈಮುಗಿಯಬೇಕೆಂದು ನಿನ್ನ ಅವ್ವನೇ ಹೊರಟಿದ್ದಾಳೆ. ಅವಳು ನಿನ್ನೊಡನೆ ಮಾತಾಡುತ್ತಾಳೋ ಇಲ್ಲವೋ ನಾನು ಹೇಳಲಾರೆ. ಮಾತಾಡಿಸಲು ಹೋಗಬೇಡ. ಅವಳ ಪಕ್ಕದಲ್ಲಿ ಕೂತುಕೋ, ಸಾಕು.

ಅಪ್ಪ